‘ಕೇವಲ ವಾದ’ವೆಂಬ ಆಕ್ಷೇಪ: ವಿಕಾಸ ಸಿದ್ಧಾಂತ ಮತ್ತು ನಮ್ಮ ಪ್ರಸಂಗಪೀಠ

ಆದಿಕಾಂಡದ ಮೊದಲ ಅಧ್ಯಾಯಗಳನ್ನು ಕುರಿತ ನಮ್ಮ ಪ್ರಸಂಗಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ವಿಕಾಸವಾದವು ಹೆಸರೇ ಹೇಳುವಂತೆ ಒಂದು ವಾದ ಮಾತ್ರ, ಅದನ್ನು ಕಣ್ಣಾರೆ ಕಂಡವರಿಲ್ಲ, ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದವರಿಲ್ಲ, ಆದುದರಿಂದ ಅದು ವಿಜ್ಞಾನವಲ್ಲ. ಹೀಗೆ ಹೇಳುವವರು ಸತ್ಯವೇದದ ಗೌರವವನ್ನು ಕಾಯಬೇಕೆಂಬ ಸದುದ್ದೇಶದಿಂದಲೇ ಹೇಳುತ್ತಾರೆ. ಆದರೆ ಸದುದ್ದೇಶವು ತರ್ಕದ ಕೊರತೆಯನ್ನು ತುಂಬಿಕೊಡಲಾರದು. ಪ್ರಸ್ತುತ ಲೇಖನವು ಈ ಆಕ್ಷೇಪವನ್ನೇ ಪರೀಕ್ಷೆಗೆ ಒಡ್ಡುತ್ತದೆ. ವಿಕಾಸವು ನಮ್ಮ ವಿಶ್ವಾಸಕ್ಕೆ ಒಡ್ಡುವ ಪ್ರಶ್ನೆಗಳು ಬೇರೆ. ಅವುಗಳಿಗೆ ಹೋಗುವ ಮುನ್ನ, ಅದು ವೈಜ್ಞಾನಿಕ ಸಿದ್ಧಾಂತವೆಂಬ ಹೆಸರಿಗೆ ಅರ್ಹವೇ ಎಂಬುದನ್ನು ನಿರ್ಣಯಿಸಬೇಕಾಗಿದೆ.

ಈ ಆಕ್ಷೇಪವು ನಮ್ಮದೊಂದೇ ಸೊತ್ತಲ್ಲ ಎಂಬುದನ್ನೂ ಗಮನಿಸಬೇಕು. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು, ಮಂಗವು ಮನುಷ್ಯನಾದುದನ್ನು ನೋಡಿದೆವೆಂದು ನಮ್ಮ ಪೂರ್ವಿಕರೂ ಸೇರಿದಂತೆ ಯಾರೂ ಹೇಳಿಲ್ಲವೆಂದೂ, ಡಾರ್ವಿನ್ನನ ಸಿದ್ಧಾಂತ ತಪ್ಪೆಂದೂ ಹೇಳಿದ್ದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಪರಿಷತ್ತಿನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಪ್ರತಿಭಟನೆಯ ಪತ್ರಕ್ಕೆ ಸಹಿ ಹಾಕಿದರು. ಬೇರೆ ಧರ್ಮಗ್ರಂಥಗಳನ್ನು ಗೌರವಿಸುವವರ ಬಾಯಲ್ಲಿ ಇದೇ ತರ್ಕವನ್ನು ಕೇಳಿದಾಗ ನಮಗೆ ಅದರ ದೌರ್ಬಲ್ಯ ಥಟ್ಟನೆ ಕಾಣುತ್ತದೆ. ನಮ್ಮ ಬಾಯಲ್ಲಿ ಏಕೆ ಕಾಣುವುದಿಲ್ಲ?

ಒಂದು ಕಾರಣ ನಮ್ಮ ಭಾಷೆಯಲ್ಲಿದೆ. ಭೌತವಿಜ್ಞಾನದಲ್ಲಿ ‘ಸಾಪೇಕ್ಷತಾ ಸಿದ್ಧಾಂತ’, ‘ಕ್ವಾಂಟಮ್ ಸಿದ್ಧಾಂತ’ ಎಂದು ಬರೆಯುವ ಲೇಖನಿಯೇ ಜೀವವಿಜ್ಞಾನಕ್ಕೆ ಬಂದಾಗ ‘ವಿಕಾಸವಾದ’ವೆಂದು ಬರೆಯುತ್ತದೆ. ಮೂಲದಲ್ಲಿ ಈ ಮೂರಕ್ಕೂ ಇರುವ ಪದ ಒಂದೇ. ಕನ್ನಡದ ಕಿವಿಗೆ ‘ವಾದ’ವೆಂದರೆ ಸಮಾಜವಾದ, ನಾಸ್ತಿಕವಾದಗಳ ಸಾಲಿನಲ್ಲಿ ನಿಲ್ಲುವ ಒಂದು ಪಕ್ಷ, ಒಂದು ನಿಲುವು. ಆರಿಸಿಕೊಳ್ಳುವವರು ಆರಿಸಿಕೊಳ್ಳಬಹುದು, ಬೇಡವೆನ್ನುವವರು ಬಿಡಬಹುದು. ಪದವೇ ಅರ್ಧ ತೀರ್ಪನ್ನು ಕೊಟ್ಟುಬಿಟ್ಟಿರುತ್ತದೆ. ಹಾಗೆಂದು ‘ಸಿದ್ಧಾಂತ’ವೂ ನಿರ್ದೋಷವಲ್ಲ. ನಮ್ಮಂಥ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಆ ಪದದಲ್ಲಿ ಧರ್ಮಸಭೆಯ ಸ್ಥಿರ ಬೋಧನೆಯ ಛಾಯೆ ಕಾಣುತ್ತದೆ. ವಿಜ್ಞಾನದ ಸಿದ್ಧಾಂತವಾದರೋ ಎಂದೆಂದೂ ತಿದ್ದುಪಡಿಗೆ ತೆರೆದಿರುವಂಥದು. ಆದರೂ ಎರಡರಲ್ಲಿ ಅದೇ ಮೇಲು. ಈ ಲೇಖನದಲ್ಲಿ ಅದನ್ನೇ ಬಳಸಿದೆ.

ಇನ್ನೊಂದು ವಿಷಯ. ನ್ಯಾಯದರ್ಶನದವರು ‘ವಾದ’ವನ್ನು ಹೀಗೆ ಅಗ್ಗ ಮಾಡಿರಲಿಲ್ಲ. ಪ್ರಮಾಣ ಮತ್ತು ತರ್ಕಗಳಿಂದ ಸತ್ಯವನ್ನರಸುವ ಚರ್ಚೆ ಅವರಿಗೆ ವಾದ. ಗೆಲ್ಲುವುದಕ್ಕಾಗಿಯೇ ನಡೆಸುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡವುತ್ತ ಹೋಗುವುದು ವಿತಂಡ. ಈ ಮೂರನೆಯ ಪದಕ್ಕೆ ಮುಂದೆ ಮರಳಬೇಕಾಗುತ್ತದೆ.

ಮೊದಲು ‘ಯಾರೂ ಕಂಡಿಲ್ಲ’ವೆಂಬ ಆಕ್ಷೇಪ. ಇದಕ್ಕೆ ಉದಾಹರಣೆಯನ್ನು ಗಲಾಪಗಸ್ ದ್ವೀಪಗಳಿಂದ ತರಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಕಾಖಂಡಕಿಯನ್ನೇ ತೆಗೆದುಕೊಳ್ಳೋಣ. ಆದಿಲಶಾಹಿಯ ಉದ್ಯೋಗವನ್ನು ಬಿಟ್ಟುಬಂದ ಮಹಿಪತಿದಾಸರ ಊರೆಂದು ಹರಿದಾಸ ಸಾಹಿತ್ಯದ ವಾಚಕರು ಅದನ್ನು ಬಲ್ಲರು. ಕಾರಹುಣ್ಣಿಮೆಯ ನಂತರದ ಕರಿಯಿಂದಾಗಿ ಉಳಿದವರೂ ಬಲ್ಲರು. ಆ ಸೀಮೆಯಲ್ಲಿ ಬಾವಿ ತೋಡಿದರೆ ಮೊದಲು ಸಿಕ್ಕುವುದು ಎರೆಮಣ್ಣು, ಅದರ ಕೆಳಗೆ ಕಪ್ಪು ಬಸಾಲ್ಟ್ ಶಿಲೆ. ಗೋಳಗುಮ್ಮಟವನ್ನು ಕಟ್ಟಿದ್ದೂ ಈ ಜಾತಿಯ ಕಲ್ಲಿನಿಂದಲೇ. ದಖ್ಖನಿನ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿರುವ ಈ ಶಿಲೆಯು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾ ಎಂಬುದು ಭೂವಿಜ್ಞಾನದ ನಿರ್ಣಯ. ಆ ಲಾವಾ ಹರಿದದ್ದನ್ನು ಕಂಡವರಿಲ್ಲ. ಆದರೆ ಬಸಾಲ್ಟ್ ಪದರಗಳ ನಡುನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ತೆಳು ಪದರಗಳಿವೆ. ಒಂದು ಲಾವಾ ತಣಿದು, ಮಳೆ ಗಾಳಿಗೆ ಸವೆದು ಮಣ್ಣಾಗುವಷ್ಟು ಕಾಲ ಕಳೆದ ಮೇಲೆಯೇ ಮುಂದಿನ ಲಾವಾ ಬಂದಿತೆಂಬುದಕ್ಕೆ ಅವೇ ಸಾಕ್ಷಿ. ಕಲ್ಲಿನೊಳಗಿನ ವಿಕಿರಣಶೀಲ ಧಾತುಗಳ ಲೆಕ್ಕವು ಇದೇ ಕಾಲವನ್ನು ಬೇರೊಂದು ದಾರಿಯಿಂದ ಹೇಳುತ್ತದೆ. ಘಟನೆ ಕಳೆದುಹೋದರೂ ಅದರ ಪರಿಣಾಮಗಳು ಉಳಿದಿದ್ದು, ಒಂದನ್ನೊಂದು ಅವಲಂಬಿಸದ ಸಾಕ್ಷ್ಯಗಳು ಒಂದೇ ಉತ್ತರವನ್ನು ಕೊಡುವಾಗ, ಅದನ್ನು ವಿಜ್ಞಾನವಲ್ಲವೆನ್ನಲು ಭೂವಿಜ್ಞಾನವನ್ನೇ ಬಿಟ್ಟುಕೊಡಬೇಕಾಗುತ್ತದೆ.

ಕಾಣಬಲ್ಲ ಮಟ್ಟಿಗಿನ ಬದಲಾವಣೆಯನ್ನು ಆ ಭಾಗದ ರೈತರು ಕಂಡೂ ಇದ್ದಾರೆ. ಕೃಷ್ಣಾ ನದಿಯ ಎರೆಭೂಮಿಯಲ್ಲಿ ಆಳ ಉಳುಮೆಗೆ ಬೇಕಾದ ಬಲವಾದ ಎತ್ತಿಗಾಗಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ರಾಸುಗಳನ್ನು ಬೆರೆಸಿ, ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ‘ಕೃಷ್ಣಾ ಕಣಿವೆ’ ತಳಿಯನ್ನು ರೂಪಿಸಲಾಯಿತು. 1859ರಲ್ಲಿ ಪ್ರಕಟವಾದ ಡಾರ್ವಿನ್ನನ ಗ್ರಂಥದ ಮೊದಲ ಅಧ್ಯಾಯವೂ ಸಾಕುಪ್ರಾಣಿಗಳ ತಳಿಗಳನ್ನು ಕುರಿತದ್ದೇ. ಎತ್ತು ಎತ್ತಾಗಿಯೇ ಉಳಿಯಿತಲ್ಲ ಎನ್ನಬಹುದು. ನಿಜ; ಒಂದು ಶತಮಾನದ ಆಯ್ಕೆ ಇಷ್ಟನ್ನು ಮಾತ್ರ ತೋರಿಸುತ್ತದೆ. ಉಳಿದುದಕ್ಕೆ ಬೇರೆ ಸಾಕ್ಷ್ಯ ಬೇಕು.

ಆ ಸಾಕ್ಷ್ಯದ ತರ್ಕವು ನಮ್ಮ ವಾಚಕರಿಗೆ ಹೊಸದಾಗಲಾರದು. ಹೊಸ ಒಡಂಬಡಿಕೆಯ ಪಾಠವಿಮರ್ಶೆಯ ತರಗತಿಯಲ್ಲಿ ಕುಳಿತವರೆಲ್ಲರೂ ಅದನ್ನು ಕಲಿತಿದ್ದಾರೆ. ಸುವಾರ್ತೆಗಳ ಮೂಲಪ್ರತಿಯನ್ನು ನಾವಾರೂ ಕಂಡಿಲ್ಲ. ಇರುವುದು ಸಾವಿರಾರು ಹಸ್ತಪ್ರತಿಗಳು. ಅವುಗಳ ಪರಸ್ಪರ ಸಂಬಂಧವನ್ನು ಹೇಗೆ ಗುರುತಿಸುತ್ತೇವೆ? ಸರಿಯಾದ ಪಾಠವು ಎರಡು ಪ್ರತಿಗಳಲ್ಲಿ ಒಂದೇ ಆಗಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು. ಆದರೆ ಒಂದೇ ತಪ್ಪು, ಒಂದೇ ಸ್ಥಳದಲ್ಲಿ, ಒಂದೇ ರೀತಿಯಲ್ಲಿ ಎರಡರಲ್ಲೂ ಇದ್ದರೆ ಅವೆರಡೂ ಆ ತಪ್ಪಿದ್ದ ಒಂದು ಮಾತೃಕೆಯಿಂದ ಬಂದಿವೆಯೆಂದು ನಿರ್ಣಯಿಸುತ್ತೇವೆ. ಯೋಹಾನನ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ಪರಲೋಕದ ಮೂವರು ಸಾಕ್ಷಿಗಳನ್ನು ಹೇಳುವ ವಾಕ್ಯವು ಪ್ರಾಚೀನ ಗ್ರೀಕ್ ಪ್ರತಿಗಳಲ್ಲಿಲ್ಲ, ಲ್ಯಾಟಿನ್ ಪರಂಪರೆಯಿಂದ ಬಂದು ಸೇರಿದೆಯೆಂದು ನಾವು ಒಪ್ಪಿರುವುದು ಈ ಬಗೆಯ ಪರಿಶೀಲನೆಯಿಂದಲೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಕೂಡಿಹಾಕಿ ವಚನಗಳನ್ನು ಪ್ರಕಟಿಸಿದ ಮೇಲೆ, ಕನ್ನಡದ ಗ್ರಂಥಸಂಪಾದಕರೂ ಪಾಠಾಂತರಗಳನ್ನು ಹೀಗೆಯೇ ತೂಗುತ್ತ ಬಂದಿದ್ದಾರೆ.

ಈಗ ಜೀವಕೋಶದ ಓಲೆಗರಿಯನ್ನು ನೋಡೋಣ. ಬಹುತೇಕ ಸಸ್ತನಿಗಳು ತಮಗೆ ಬೇಕಾದ ‘ಸಿ’ ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಅದು ಸಾಧ್ಯವಿಲ್ಲ; ಆದುದರಿಂದಲೇ ಹಣ್ಣು ತರಕಾರಿಗಳಿಲ್ಲದ ನಾವಿಕರು ಸ್ಕರ್ವಿಯಿಂದ ಸಾಯುತ್ತಿದ್ದರು. ಆ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಜೀನ್ ನಮ್ಮಲ್ಲಿ ಇಲ್ಲದೆ ಇಲ್ಲ, ಮುರಿದುಹೋದ ಸ್ಥಿತಿಯಲ್ಲಿದೆ. ಚಿಂಪಾಂಜಿಯಲ್ಲೂ ಅದು ಮುರಿದಿದೆ, ಮುರಿತದ ಗುರುತುಗಳೂ ಹೊಂದುತ್ತವೆ. ಗಿನಿಹಂದಿಯಲ್ಲೂ ಅದೇ ಜೀನ್ ಕೆಟ್ಟಿದೆ, ಆದರೆ ಕೆಟ್ಟಿರುವ ರೀತಿ ಬೇರೆ. ಅಂದರೆ ಅದು ಸ್ವತಂತ್ರವಾಗಿ ನಡೆದ ಬೇರೊಬ್ಬ ಲಿಪಿಕಾರನ ತಪ್ಪು. ಹಾಗೆಯೇ ವಾನರಗಳಲ್ಲಿ 48 ವರ್ಣತಂತುಗಳಿದ್ದರೆ ನಮ್ಮಲ್ಲಿ 46. ಸಮಾನ ಮೂಲವಿರುವುದೇ ಆದರೆ ಎರಡು ವರ್ಣತಂತುಗಳು ಎಲ್ಲೋ ಕೂಡಿಕೊಂಡಿರಬೇಕು, ಕೂಡಿದ ಗುರುತು ಉಳಿದಿರಬೇಕು. 1991ರಲ್ಲಿ ಮನುಷ್ಯನ ಎರಡನೆಯ ವರ್ಣತಂತುವಿನ ನಡುವೆ, ತುದಿಯಲ್ಲಿ ಮಾತ್ರ ಇರಬೇಕಾದ ಅಕ್ಷರಮಾಲೆ ಎದುರುಬದುರಾಗಿ ಕೂಡಿಕೊಂಡ ಸ್ಥಿತಿಯಲ್ಲಿ ದೊರೆಯಿತು. ಎರಡು ಓಲೆಗಳನ್ನು ಹೊಲಿದ ದಾರ ಸಿಕ್ಕಂತೆ. ಒಬ್ಬನೇ ಶಿಲ್ಪಿ ಒಂದೇ ವಿನ್ಯಾಸವನ್ನು ಎರಡು ಕಡೆ ಬಳಸಿದನೆಂಬ ಉತ್ತರವನ್ನು ಸಾಮ್ಯಗಳಿಗೆ ಕೊಡಬಹುದು. ಸಮಾನ ತಪ್ಪುಗಳಿಗೆ ಕೊಡುವುದು ಕಷ್ಟ. ಹಸ್ತಪ್ರತಿಗಳ ವಿಷಯದಲ್ಲಿ ಆ ಉತ್ತರವನ್ನು ನಮ್ಮ ಪ್ರಾಧ್ಯಾಪಕರಾರೂ ಸ್ವೀಕರಿಸಲಾರರು.

ಆಕ್ಷೇಪದ ಹೆಚ್ಚು ಗಂಭೀರವಾದ ರೂಪ ಇನ್ನೊಂದಿದೆ, ಮತ್ತು ಅದಕ್ಕೆ ದೊಡ್ಡ ಹೆಸರಿನ ಬೆಂಬಲವೂ ಇದೆ. ಸುಳ್ಳೆಂದು ತೋರಿಸಲು ಅವಕಾಶವಿರುವ ಹೇಳಿಕೆಯೇ ವೈಜ್ಞಾನಿಕವೆಂದು ಬೋಧಿಸಿದ ಕಾರ್ಲ್ ಪಾಪರ್, 1974ರಲ್ಲಿ ಪ್ರಕಟವಾದ ತನ್ನ ಬೌದ್ಧಿಕ ಆತ್ಮಕಥನದಲ್ಲಿ, ಡಾರ್ವಿನ್ನನ ವಿಚಾರವು ಪರೀಕ್ಷಿಸಬಹುದಾದ ಸಿದ್ಧಾಂತವಲ್ಲ, ತತ್ತ್ವಮೀಮಾಂಸೆಗೆ ಸೇರಿದ ಒಂದು ಸಂಶೋಧನಾ ಕಾರ್ಯಕ್ರಮವೆಂದು ಬರೆದಿದ್ದನು. ನಮ್ಮ ಕೆಲವು ಕಿರುಹೊತ್ತಗೆಗಳಿಗೆ ಈ ಮಾತು ಬಹು ಪ್ರಿಯ. ಆದರೆ 1977ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿ ಮರುವರ್ಷ ಪ್ರಕಟಿಸಿದ ಉಪನ್ಯಾಸದಲ್ಲಿ ಪಾಪರನೇ ಆ ಅಭಿಪ್ರಾಯವನ್ನು ಬಹಿರಂಗವಾಗಿ ಹಿಂತೆಗೆದುಕೊಂಡನೆಂಬುದನ್ನು ಅವು ಹೇಳುವುದಿಲ್ಲ. ಒಬ್ಬ ಲೇಖಕನ ಪೂರ್ವಪಕ್ಷವನ್ನು ಉದ್ಧರಿಸಿ ಅವನ ಸಿದ್ಧಾಂತವನ್ನು ಮುಚ್ಚಿಡುವುದು ಯಾವ ಗುರುಮಠದ ಪ್ರಬಂಧದಲ್ಲೂ ತೇರ್ಗಡೆಯಾಗಲಾರದು.

ಪಾಪರನ ಮಾತನ್ನು ಬದಿಗಿಟ್ಟು ಅವನ ಮಾನದಂಡವನ್ನೇ ಹಿಡಿಯೋಣ. ಈ ಸಿದ್ಧಾಂತವು ಎಂದಾದರೂ ಸಾಯುವ ಅಪಾಯಕ್ಕೆ ಒಳಗಾಗಿತ್ತೇ? ಎರಡು ಸಲ, ಅದೂ ಡಾರ್ವಿನ್ನನ ಜೀವಿತಕಾಲದಲ್ಲೇ. 1862ರಿಂದ ಮುಂದೆ ವಿಲಿಯಂ ಥಾಮ್ಸನ್, ಅಂದರೆ ಲಾರ್ಡ್ ಕೆಲ್ವಿನ್, ಭೂಮಿ ತಣಿಯುವ ವೇಗವನ್ನು ಲೆಕ್ಕಹಾಕಿ ಅದರ ವಯಸ್ಸು ಸುಮಾರು ಹತ್ತು ಕೋಟಿ ವರ್ಷಗಳ ಆಸುಪಾಸೆಂದನು. 1897ರ ವೇಳೆಗೆ ಅದನ್ನು ಎರಡರಿಂದ ನಾಲ್ಕು ಕೋಟಿಗೆ ಇಳಿಸಿದನು. ನಿಧಾನವಾದ ವಿಕಾಸಕ್ಕೆ ಅಷ್ಟು ಕಾಲ ಸಾಲದು. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್ ಇನ್ನೂ ಚೂಪಾದ ಪ್ರಶ್ನೆಯೆತ್ತಿದನು: ತಂದೆತಾಯಿಯರ ಗುಣಗಳು ಎರಡು ಬಣ್ಣಗಳಂತೆ ಮಕ್ಕಳಲ್ಲಿ ಬೆರೆತುಹೋಗುವುದಾದರೆ, ಒಂದು ಜೀವಿಯಲ್ಲಿ ಮೂಡಿದ ಒಳ್ಳೆಯ ವ್ಯತ್ಯಾಸವು ಪ್ರತಿ ಪೀಳಿಗೆಗೂ ಅರ್ಧವಾಗುತ್ತ ಅಳಿದೇ ಹೋಗುವುದಲ್ಲವೇ? ಡಾರ್ವಿನ್ನನ ಬಳಿ ಎರಡಕ್ಕೂ ಸಮರ್ಪಕ ಉತ್ತರವಿರಲಿಲ್ಲ. ಇವು ಧರ್ಮಪೀಠದಿಂದ ಬಂದ ಆಕ್ಷೇಪಗಳಲ್ಲ, ವಿಜ್ಞಾನದೊಳಗಿನಿಂದ ಬಂದವು. ಭೂಮಿಯ ವಯಸ್ಸು ನಿಜವಾಗಿ ನಾಲ್ಕು ಕೋಟಿಯಾಗಿದ್ದಿದ್ದರೆ, ಆನುವಂಶಿಕತೆ ನಿಜವಾಗಿ ಬಣ್ಣದಂತಿದ್ದಿದ್ದರೆ, ಆ ಸಿದ್ಧಾಂತ ಇಂದು ಚರಿತ್ರೆಯ ಅಡಿಟಿಪ್ಪಣಿಯಾಗಿರುತ್ತಿತ್ತು.

ವಿಕಿರಣಶೀಲತೆಯ ಶೋಧದ ನಂತರ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳೆಂದು ನಿರ್ಧಾರವಾಯಿತು. ಎರಡನೆಯ ಪ್ರಶ್ನೆಗೆ ಉತ್ತರವು ಜೆಂಕಿನ್ ಬರೆಯುವ ಹೊತ್ತಿಗಾಗಲೇ ಒಂದು ಮಠದ ತೋಟದಲ್ಲಿ ಸಿದ್ಧವಾಗಿತ್ತು. ಬ್ರುನೋ ಪಟ್ಟಣದ ಆಗಸ್ಟಿನ್ ಸಭೆಯ ಸನ್ಯಾಸಿ ಗ್ರೆಗರ್ ಮೆಂಡೆಲ್ 1865ರಲ್ಲಿ ಓದಿ 1866ರಲ್ಲಿ ಅಚ್ಚು ಮಾಡಿಸಿದ ಬಟಾಣಿ ಗಿಡಗಳ ಪ್ರಬಂಧವು, ಗುಣಗಳು ಬಣ್ಣದಂತೆ ಬೆರೆಯದೆ ಕಾಳುಗಳಂತೆ ಬಿಡಿಬಿಡಿಯಾಗಿಯೇ ಉಳಿದು ಮುಂದಿನ ಪೀಳಿಗೆಗೆ ಹೋಗುತ್ತವೆಂದು ತೋರಿಸಿತ್ತು. 1900ರವರೆಗೆ ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ವಿಕಾಸ ಸಿದ್ಧಾಂತವನ್ನು ಅದರ ಅತಿ ದೊಡ್ಡ ಸಂಕಟದಿಂದ ಪಾರುಮಾಡಿದ ಶೋಧವು ಪೂಜಾಬಲಿ ಅರ್ಪಿಸುತ್ತಿದ್ದ ಕೈಗಳಿಂದ ಬಂದಿತೆಂಬುದನ್ನು ನಮ್ಮ ಧರ್ಮಸಭಾ ಚರಿತ್ರೆಯ ಪಾಠಗಳು ಹೇಳದೆ ಬಿಡುವುದು ವಿಚಿತ್ರ.

ತಿದ್ದಿಕೊಳ್ಳುವ ಗುಣಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ತಿಮಿಂಗಿಲವು ನೆಲದ ಸಸ್ತನಿಯಿಂದ ಬಂದಿತೆಂಬುದು ಹಳೆಯ ಅಭಿಪ್ರಾಯ. ಯಾವ ಸಸ್ತನಿಯಿಂದ ಎಂಬುದಕ್ಕೆ 1960ರ ದಶಕದಿಂದ ಪಳೆಯುಳಿಕೆ ತಜ್ಞರು ಹಲ್ಲುಗಳ ಆಧಾರದಿಂದ ಕೊಡುತ್ತಿದ್ದ ಉತ್ತರ, ಈಗ ನಾಶವಾಗಿರುವ ಮೆಸೊನಿಕಿಡ್ ಎಂಬ ಮಾಂಸಾಹಾರಿಗಳ ಗುಂಪು. ಆದರೆ ರಕ್ತದ ಪ್ರೋಟೀನುಗಳೂ ಮುಂದೆ ಡಿಎನ್‌ಎಯೂ ಬೇರೆ ಮಾತು ಹೇಳಿದವು: ತಿಮಿಂಗಿಲದ ಬಂಧುಗಳು ಹಸು, ಹಂದಿ, ಜಿಂಕೆಗಳ ಸೀಳುಗೊರಸಿನ ಕುಲದವು, ಎಲ್ಲಕ್ಕಿಂತ ಹತ್ತಿರದ್ದು ನೀರಾನೆ. ಎರಡರಲ್ಲೊಂದು ತಪ್ಪಾಗಲೇಬೇಕು. ಸೀಳುಗೊರಸಿನ ಪ್ರಾಣಿಗಳ ಹಿಮ್ಮಡಿಯಲ್ಲಿ ಎರಡು ತುದಿಗಳಲ್ಲೂ ರಾಟೆಯಾಕಾರವಿರುವ ಒಂದು ಮೂಳೆಯಿರುತ್ತದೆ, ಬೇರೆ ಯಾವ ಸಸ್ತನಿಯಲ್ಲೂ ಅದು ಹಾಗಿರುವುದಿಲ್ಲ. ಡಿಎನ್‌ಎ ಹೇಳಿದ್ದು ನಿಜವಾದರೆ ಕಾಲುಳ್ಳ ಆದಿ ತಿಮಿಂಗಿಲದ ಹಿಮ್ಮಡಿಯಲ್ಲಿ ಅದು ಇರಬೇಕು. 2001ರಲ್ಲಿ ಪಾಕಿಸ್ತಾನದ ಬಂಡೆಗಳಿಂದ ಅಂಥ ತಿಮಿಂಗಿಲಗಳ ಹಿಮ್ಮಡಿಗಳು ದೊರೆತವು. ಆ ರಾಟೆಯ ಮೂಳೆ ಅಲ್ಲಿತ್ತು. ಹಳೆಯ ಉತ್ತರವನ್ನು ತಜ್ಞರು ಕೈಬಿಟ್ಟರು. ಜಮ್ಮುವಿನ ಕಾಲಾಕೋಟದಲ್ಲಿ ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿ 1971ರಲ್ಲಿ ‘ಇಂಡೋಹಿಯಸ್’ ಎಂದು ಹೆಸರಿಟ್ಟಿದ್ದ, ಬೆಕ್ಕಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ಗೊರಸುಪ್ರಾಣಿಯ ಕಿವಿಯ ಮೂಳೆಯು ತಿಮಿಂಗಿಲದ್ದರಂತೆಯೇ ಒಂದು ಕಡೆ ದಪ್ಪವಾಗಿದೆಯೆಂದು 2007ರಲ್ಲಿ ತ್ಯೂಯಿಸನ್ ಮತ್ತು ಸಂಗಡಿಗರು ತೋರಿಸಿದರು. ರಂಗರಾವ್ ಅದನ್ನು ನೋಡಲು ಇರಲಿಲ್ಲ. ಸೋಲಲು ಸಿದ್ಧವಿದ್ದ ಒಂದು ಉತ್ತರ ಸೋತು, ಮುಂಚಿತವಾಗಿ ಹೇಳಿದ್ದ ಇನ್ನೊಂದು ಉತ್ತರ ಗೆದ್ದ ಈ ಪ್ರಸಂಗಕ್ಕಿಂತ ವೈಜ್ಞಾನಿಕವಾದುದನ್ನು ಪ್ರಯೋಗಶಾಲೆಗಳೂ ಹೆಚ್ಚಾಗಿ ಕೊಡಲಾರವು.

ಈ ಸಿದ್ಧಾಂತ ಇಂದಿಗೂ ಹಾಗೆಯೇ ಸೋಲಬಹುದು. ಕೃಷ್ಣೆಯ ದಕ್ಷಿಣಕ್ಕೆ, ಬಾಗಲಕೋಟೆ ಕಲಾದಗಿಗಳ ಬಳಿ, ನೂರು ಕೋಟಿ ವರ್ಷಗಳಿಗೂ ಹಳೆಯ ಸುಣ್ಣದ ಶಿಲೆಗಳಿವೆ. ಅವುಗಳಲ್ಲಿ ಜೀವದ ಗುರುತಾಗಿ ಕಾಣುವುದು ಸೂಕ್ಷ್ಮಜೀವಿಗಳ ಹಾಸುಗಳು ಪದರಗಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳು ಮಾತ್ರ. ಆ ಶಿಲೆಯೊಳಗೆ ಹುದುಗಿದ ಒಂದೇ ಒಂದು ಮೊಲದ ಮೂಳೆ ದೊರೆತರೂ ಇಡೀ ಕಟ್ಟಡ ಅಲುಗಾಡುತ್ತದೆ. ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇಂಥದೇ ಉತ್ತರ ಕೊಟ್ಟಿದ್ದನೆಂಬ ಪ್ರತೀತಿಯಿದೆ.

ಇದಕ್ಕೆ ಪರ್ಯಾಯವಾಗಿ ನಮ್ಮ ಕಿರುಹೊತ್ತಗೆಗಳು ಮುಂದಿಡುವುದೇನು? ಈ ಕೊಂಡಿ ಸಿಕ್ಕಿಲ್ಲ, ಆ ಅಂಗ ಅತಿ ಸಂಕೀರ್ಣ, ಇಂಥ ಪಳೆಯುಳಿಕೆ ಮೋಸ. ಯಾವ ಬಂಡೆಯಲ್ಲಿ ಏನು ಸಿಗಬೇಕು, ಯಾವುದು ಸಿಕ್ಕರೆ ತಮ್ಮ ಮಾತನ್ನು ಬಿಡುತ್ತೇವೆ ಎಂಬುದನ್ನು ಅವು ಹೇಳುವುದಿಲ್ಲ. ನೈಯಾಯಿಕರ ಮೂರನೆಯ ಪದ ಇಲ್ಲಿಗೆ ಹೊಂದುತ್ತದೆ. ದೇವರನ್ನು ವಿಜ್ಞಾನದ ಬಿರುಕುಗಳಲ್ಲಿ ಕೂರಿಸುವ ಈ ವಿತಂಡವು, ಪ್ರತಿ ಬಿರುಕು ಮುಚ್ಚಿದಾಗಲೂ ಆತನನ್ನು ಎಬ್ಬಿಸಿ ಬೇರೆಡೆಗೆ ಕಳುಹಿಸಬೇಕಾದ ಇಕ್ಕಟ್ಟನ್ನು ತಂದೊಡ್ಡುತ್ತದೆ. ಐದನೆಯ ಶತಮಾನದ ಆರಂಭದಲ್ಲೇ ಸಂತ ಆಗಸ್ಟಿನರು ಆದಿಕಾಂಡದ ವ್ಯಾಖ್ಯಾನದಲ್ಲಿ, ಆಕಾಶ ಭೂಮಿ ಪ್ರಾಣಿಗಳ ವಿಷಯವನ್ನು ಬಲ್ಲ ಅವಿಶ್ವಾಸಿಯ ಎದುರು ಕ್ರೈಸ್ತನು ಧರ್ಮಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ಪುನರುತ್ಥಾನದ ಬಗ್ಗೆ ಅದೇ ಗ್ರಂಥ ಹೇಳುವುದನ್ನು ಅವನು ಹೇಗೆ ನಂಬಿಯಾನೆಂದು ಎಚ್ಚರಿಸಿದ್ದರು. ದ್ವಿತೀಯ ಪಿಯುಸಿಯಲ್ಲಿ ಜೀವವಿಜ್ಞಾನ ಓದಿ, ಮನೆಯಲ್ಲಿ ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ಓದಿ, ಭಾನುವಾರ ನಮ್ಮೆದುರು ಕುಳಿತುಕೊಳ್ಳುವ ಹದಿನೇಳರ ಹರೆಯದವರ ಸ್ಥಿತಿಯನ್ನು ಇದಕ್ಕಿಂತ ಸರಿಯಾಗಿ ವರ್ಣಿಸಲಾಗದು.

ಹಾಗಾದರೆ ‘ವಾದ’ವೆಂಬ ಪದಕ್ಕೆ ಇಲ್ಲಿ ಸ್ಥಳವೇ ಇಲ್ಲವೇ? ಇದೆ. ಜೀವರಾಶಿಯ ಕವಲೊಡೆತಕ್ಕೆ ಸ್ವಾಭಾವಿಕ ಕಾರಣಗಳನ್ನು ತೋರಿಸಿದ ಮೇಲೆ, ಆದುದರಿಂದ ಸೃಷ್ಟಿಕರ್ತನಿಲ್ಲ, ಆತ್ಮವಿಲ್ಲ, ಮನುಷ್ಯನ ಬಾಳಿಗೆ ಗುರಿಯಿಲ್ಲ ಎಂದು ಕೆಲವರು ಮುಂದುವರಿಯುತ್ತಾರೆ. ಆ ಮುಂದುವರಿಕೆಯನ್ನು ಯಾವ ಹಿಮ್ಮಡಿಯ ಮೂಳೆಯೂ ಸಮರ್ಥಿಸಲಾರದು, ಅಲ್ಲಗಳೆಯಲೂ ಆರದು. ಅದು ಕಟ್ಟಾ ತತ್ತ್ವಜ್ಞಾನ. ಅದನ್ನು ‘ವಿಕಾಸವಾದ’ವೆಂದು ಕರೆದು ತತ್ತ್ವಜ್ಞಾನದ ಅಂಗಳದಲ್ಲೇ ಎದುರಿಸುವುದು ನ್ಯಾಯ. ಕನ್ನಡದಲ್ಲಿ ಒಂದೇ ಪದವು ವಿಜ್ಞಾನದ ಸಿದ್ಧಾಂತಕ್ಕೂ ಅದರ ಮೇಲೆ ಕಟ್ಟಿದ ನಿರೀಶ್ವರ ದರ್ಶನಕ್ಕೂ ಸಲ್ಲುತ್ತಿರುವುದರಿಂದ, ಎರಡನೆಯದಕ್ಕೆ ಬಿಟ್ಟ ಬಾಣ ಮೊದಲನೆಯದಕ್ಕೆ ತಗಲುತ್ತಿದೆ. ಎರಡನ್ನು ಬೇರ್ಪಡಿಸುವ ಕೆಲಸವನ್ನು 1996ರ ಅಕ್ಟೋಬರಿನಲ್ಲಿ ಪೋಪ್ ದ್ವಿತೀಯ ಜಾನ್ ಪಾಲ್ ತಮ್ಮ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ ಮಾಡಿದರು: ವಿಕಾಸವು ಬರಿಯ ಊಹೆಯ ಮಟ್ಟವನ್ನು ದಾಟಿದೆಯೆಂದು ಒಪ್ಪಿ, ಮನುಷ್ಯಾತ್ಮವನ್ನು ಜಡದ ಉಪೋತ್ಪನ್ನವೆನ್ನುವ ದರ್ಶನಗಳನ್ನು ತಿರಸ್ಕರಿಸಿದರು. ಪ್ರಾಟೆಸ್ಟಂಟರಲ್ಲಿ ಡಾರ್ವಿನ್ನನ ಸ್ನೇಹಿತನಾಗಿದ್ದ ಸಸ್ಯವಿಜ್ಞಾನಿ ಏಸಾ ಗ್ರೇ ಈ ಭೇದವನ್ನು ಒಂದು ಶತಮಾನಕ್ಕೂ ಮೊದಲೇ ಮಾಡಿದ್ದನು.

ಇಷ್ಟಾದರೂ ನಮ್ಮ ಕಷ್ಟ ಮುಗಿಯುವುದಿಲ್ಲ. ನಿಜವಾದ ಕಷ್ಟ ಆರಂಭವಾಗುವುದೇ ಇಲ್ಲಿಂದ. 1950ರಲ್ಲಿ ಹನ್ನೆರಡನೆಯ ಪಿಯುಸ್ ತಮ್ಮ ವಿಶ್ವಪತ್ರದಲ್ಲಿ ಮನುಷ್ಯದೇಹದ ಉಗಮವನ್ನು ಕುರಿತ ವಿಚಾರಣೆಗೆ ಅವಕಾಶ ಕೊಟ್ಟರೂ, ಮಾನವಕುಲವು ಒಬ್ಬ ಆದಾಮನಿಂದಲ್ಲದೆ ಹಲವರಿಂದ ಬಂದಿತೆಂಬ ಅಭಿಪ್ರಾಯವು ಜನ್ಮಪಾಪದ ಬೋಧನೆಯೊಡನೆ ಹೇಗೆ ಹೊಂದೀತೆಂಬುದು ಕಾಣದೆಂದರು. ಇಂದಿನ ತಳಿವಿಜ್ಞಾನದ ಲೆಕ್ಕಗಳು ಒಂದು ಜೋಡಿಯನ್ನಲ್ಲ, ಸಾವಿರಾರು ಜನರ ಪೂರ್ವಜ ಸಮುದಾಯವನ್ನೇ ಸೂಚಿಸುತ್ತವೆ. ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಪೌಲನು ಒಬ್ಬ ಮನುಷ್ಯನಿಗೂ ಇನ್ನೊಬ್ಬ ಮನುಷ್ಯನಿಗೂ ನಡುವೆ ಕಟ್ಟಿದ ಹೋಲಿಕೆಯನ್ನು ಈ ಹಿನ್ನೆಲೆಯಲ್ಲಿ ಹೇಗೆ ಓದಬೇಕು? ಆದಾಮನನ್ನು ಪರಿಪೂರ್ಣನೆನ್ನದೆ, ಇನ್ನೂ ಬೆಳೆಯಬೇಕಾದ ಮಗುವೆಂದು ಕಂಡ ಎರಡನೆಯ ಶತಮಾನದ ಐರೇನಿಯಸನ ವ್ಯಾಖ್ಯಾನವು ಇಲ್ಲಿ ಎಷ್ಟು ದೂರ ನಮ್ಮನ್ನು ಕರೆದೊಯ್ಯಬಲ್ಲದು? ಮರಣವು ಪಾಪದ ಫಲವೆಂಬುದನ್ನು, ಕಲಾದಗಿಯ ಶಿಲೆಗಳ ಕಾಲದಿಂದಲೂ ಜೀವಿಗಳು ಸಾಯುತ್ತಲೇ ಬಂದಿರುವ ಲೋಕದಲ್ಲಿ ಹೇಗೆ ಬೋಧಿಸಬೇಕು? ಈ ಪ್ರಶ್ನೆಗಳ ಮೇಲೆ ಕನ್ನಡದಲ್ಲಿ ಬರೆದ ಗಂಭೀರ ದೈವಶಾಸ್ತ್ರೀಯ ಪ್ರಬಂಧಗಳನ್ನು ನಮ್ಮ ವಿದ್ಯಾರ್ಥಿಗಳ ಕೈಗಿಡಬೇಕಾಗಿದೆ. ‘ಅದು ಕೇವಲ ವಾದ’ವೆಂಬ ಮಾತು ಇದುವರೆಗೆ ಅವುಗಳ ಸ್ಥಳವನ್ನು ಆಕ್ರಮಿಸಿಕೊಂಡಿದೆ.